ಇಂಧನ ಬದಲಾಯಿತು, ಕಿಡಿಯ ಮಾತೇಕೆ ಆಡುತ್ತಿಲ್ಲ?

ವಾಹನ ತಯಾರಕರೇ,

ನಮ್ಮ ಬಂಕುಗಳ ಪೆಟ್ರೋಲಿಗೆ ಈಗ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಬೆರೆತಿರುತ್ತದೆ. 2024ರಲ್ಲಿ ಸಿಎನ್‌ಜಿ ಬೈಕೂ ರಸ್ತೆಗಿಳಿಯಿತು. ಹೈಡ್ರೋಜನ್, ಅಮೋನಿಯಾಗಳ ಮಾತು ನಡೆಯುತ್ತಲೇ ಇದೆ. ಎಲ್ಲರೂ ಟ್ಯಾಂಕ್ ಮತ್ತು ಮೈಲೇಜ್ ಬಗ್ಗೆ ಮಾತಾಡುತ್ತಾರೆ. ಆ ಇಂಧನವನ್ನು ಹೊತ್ತಿಸಬೇಕಾದ ಕಿಡಿಯ ಬಗ್ಗೆ ನೀವು ಬಾಯಿ ಬಿಡುವುದಿಲ್ಲ.

ಹೈಡ್ರೋಜನ್ ಹೊತ್ತಲು ಸುಮಾರು 0.02 ಮಿಲಿಜೌಲ್ ಸಾಕು. ಪೆಟ್ರೋಲ್ ಆವಿಗೆ ಅದರ ಹತ್ತು ಪಟ್ಟಿಗೂ ಹೆಚ್ಚು ಬೇಕು, ಅಮೋನಿಯಾಗೆ ನೂರಾರು ಪಟ್ಟು. ಒಂದೇ ಬಗೆಯ ಕಿಡಿಯನ್ನು ಎಲ್ಲಕ್ಕೂ ಹಚ್ಚುವುದೆಂದರೆ ಕರ್ಪೂರಕ್ಕೂ ಹಸಿ ಸೌದೆಗೂ ಒಂದೇ ಕಡ್ಡಿ ಗೀರಿದಂತೆ.

ಕಿಡಿ ಹುಟ್ಟಿಸುವ ಬಗೆಯೂ ಒಂದೇ ಅಲ್ಲ. ಕೆಪಾಸಿಟರ್‌ನಲ್ಲಿ ಶಕ್ತಿ ಕೂಡಿಟ್ಟು ಬಿಡುವ ಸಿಡಿಐ ಇಗ್ನಿಷನ್‌ನ ಕಿಡಿ ಥಟ್ಟನೆ ಹಾರುತ್ತದೆ, ಮಸಿ ಹಿಡಿದ ಪ್ಲಗ್ಗಿನಲ್ಲೂ ಹಾರುತ್ತದೆ. ಆದರೆ ಅಷ್ಟೇ ಬೇಗ ಆರಿಹೋಗುತ್ತದೆ. ಕಾಯಿಲ್‌ನಲ್ಲಿ ಶಕ್ತಿ ಕೂಡಿಟ್ಟು ಬಿಡುವ ಇಗ್ನಿಷನ್‌ನಲ್ಲಿ ಕಿಡಿ ಒಂದೆರಡು ಮಿಲಿಸೆಕೆಂಡ್ ನಿಲ್ಲುತ್ತದೆ. ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಡುವ ಎಥನಾಲ್ ಹೆಚ್ಚಿದ್ದಾಗ, ಚಳಿಯ ಬೆಳಗಿನಲ್ಲಿ ಗಾಡಿ ಎಬ್ಬಿಸಲು ಈ ನಿಲ್ಲುವ ಕಿಡಿಯೇ ಮೇಲು ಎಂಬುದು ನನ್ನ ಎಣಿಕೆ. ಸಿಎನ್‌ಜಿಯ ಕಥೆ ಬೇರೆ. ಅಲ್ಲಿ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ಗಿನ ತುದಿ ಸವೆದು ಗ್ಯಾಪ್ ಹಿಗ್ಗಿದಷ್ಟೂ ಕಾಯಿಲ್ ಮೇಲೆ ಭಾರ ಬೀಳುತ್ತದೆ, ಕೊನೆಗೆ ಎಂಜಿನ್ ಮಿಸ್ ಹೊಡೆಯುತ್ತದೆ.

ಹೈಡ್ರೋಜನ್‌ನಲ್ಲಿ ಭಯ ತಿರುಗುಮುರುಗು: ಬೇಡದ ಹೊತ್ತಿನಲ್ಲಿ ಹೊತ್ತಿಕೊಂಡೀತು ಎಂಬುದೇ ಅಲ್ಲಿನ ಚಿಂತೆ. ಒಂದೇ ಕಾಯಿಲ್ ಎರಡು ಸಿಲಿಂಡರಿಗೆ ಒಟ್ಟಿಗೆ ಕಿಡಿ ಕೊಡುವ ಹಳೆಯ ಏರ್ಪಾಡಿನಲ್ಲಿ ಒಂದು ಕಿಡಿ ವ್ಯರ್ಥ. ಪೆಟ್ರೋಲಿನಲ್ಲಿ ಅದರಿಂದ ತೊಂದರೆಯಿಲ್ಲ, ಹೈಡ್ರೋಜನ್‌ನಲ್ಲಿ ಅದೇ ಬ್ಯಾಕ್‌ಫೈರ್‌ಗೆ ದಾರಿ. ಪ್ಲಾಟಿನಂ ತುದಿಯ ದುಬಾರಿ ಪ್ಲಗ್ಗೂ ಇಲ್ಲಿ ಸಲ್ಲದು, ಏಕೆಂದರೆ ಪ್ಲಾಟಿನಂ ಹೈಡ್ರೋಜನ್ ಉರಿಯುವುದಕ್ಕೆ ತಾನೇ ಕುಮ್ಮಕ್ಕು ಕೊಡುತ್ತದೆ. ಬೇಗ ಶಾಖ ಬಿಟ್ಟುಕೊಡುವ ಕೋಲ್ಡ್ ಪ್ಲಗ್ಗೇ ಬೇಕು.

ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳೇ. ಗೊತ್ತಿಲ್ಲದಿರುವುದು ಊರ ಬಸ್‌ಸ್ಟ್ಯಾಂಡ್ ಪಕ್ಕದ ಮೆಕಾನಿಕ್‌ಗೆ. ಕೈಗೆ ಸಿಕ್ಕ ಪ್ಲಗ್ ತಿರುಗಿಸಿ ಕೂರಿಸುವುದು ಅವರ ತಪ್ಪಲ್ಲ, ಅವರಿಗೆ ಯಾರೂ ಹೇಳಿಲ್ಲ. ಯಾವ ಇಂಧನಕ್ಕೆ ಯಾವ ಪ್ಲಗ್, ಎಷ್ಟು ಗ್ಯಾಪ್, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬ ನಾಲ್ಕು ಸಾಲನ್ನು ಸೀಟಿನ ಕೆಳಗೆ ಕನ್ನಡದಲ್ಲಿ ಅಂಟಿಸಿ ಕಳಿಸಿ.

ಇಂತಿ,
ದಿನವೂ ಗಾಡಿ ಓಡಿಸುವ ಒಬ್ಬ ಓದುಗ