ಏಳು ವರ್ಷ ಗ್ಯಾರಂಟಿ!

ಮೊದಲೆಲ್ಲ ಫೋನ್ ಕೊಳ್ಳುವಾಗ ಮೆಗಾಪಿಕ್ಸೆಲ್ ಎಷ್ಟು ಅಂತ ಕೇಳಿದರೆ ಮುಗಿಯುತ್ತಿತ್ತು. ಈಗ ಜಾತಕ ನೋಡುವ ಹಾಗೆ ಆಯುಷ್ಯ ವಿಚಾರಿಸಬೇಕು: ಅಪ್‌ಡೇಟ್ ಎಷ್ಟು ವರ್ಷ? 2023ರಲ್ಲಿ ಗೂಗಲ್ ಪಿಕ್ಸೆಲ್ 8ಕ್ಕೆ ಏಳು ವರ್ಷ ಅಂದಿತು. ಮರುವರ್ಷ ಸ್ಯಾಮ್‌ಸಂಗ್, ಗ್ಯಾಲಕ್ಸಿ ಎಸ್24ಕ್ಕೆ ನಂದೂ ಏಳು ಅಂದಿತು. ಅಲ್ಲಿಯವರೆಗೆ ಫೋನು ನಮ್ಮ ಅಂಗಿ ಜೇಬಿನಿಂದ ಬಕೆಟ್ಟಿಗೆ ಬೀಳದೆ ಉಳಿದೀತೇ ಅನ್ನುವುದಕ್ಕೆ ಮಾತ್ರ ಯಾರೂ ಜಾಮೀನಿಲ್ಲ. ಆಪಲ್ ಸದ್ದಿಲ್ಲದೆ 2013ರ ಐಫೋನ್ 5ಎಸ್‌ಗೆ 2023ರಲ್ಲೂ ಸೆಕ್ಯುರಿಟಿ ಅಪ್‌ಡೇಟ್ ಕಳಿಸಿತ್ತು. ಅದರ ಹೊಸ ಫೋನುಗಳ ಬೆಲೆ ಕೇಳಿದವರೂ ಸದ್ದಿಲ್ಲದೆ ಅಂಗಡಿಯಿಂದ ಇಳಿಯುತ್ತಾರೆ, ಆ ಮಾತು ಬೇರೆ.

ಪ್ರೈವೆಸಿ ಕಥೆ ಇನ್ನೂ ಮಜಾ. ಗೂಗಲ್ ಕಣ್ಣು ತಪ್ಪಿಸಲೇಬೇಕು ಅನ್ನುವ ಕಟ್ಟಾ ಮಡಿವಂತರು ಫೋನಿಗೆ ಗ್ರಾಫೀನ್‌ಓಎಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳುತ್ತಾರೆ. ಅದು ವರ್ಷಗಟ್ಟಲೆ ಓಡಿದ್ದು ಪಿಕ್ಸೆಲ್ ಮೇಲೆ ಮಾತ್ರ! ಗೂಗಲ್‌ನಿಂದ ಪಾರಾಗಲು ಗೂಗಲ್‌ಗೇ ದುಡ್ಡು ಕಟ್ಟಬೇಕಿತ್ತು. ಕೆಲವು ಅಗ್ಗದ ಫೋನುಗಳಲ್ಲಿ ಮುಚ್ಚುಮರೆಯೇ ಇಲ್ಲ, ಫೈಲ್ ಹುಡುಕಲು ಹೋದರೂ ಜಾಹೀರಾತು ಹಲ್ಲು ಕಿರಿಯುತ್ತದೆ.

ಪಕ್ಕದ ಮನೆಯ ರಾಯರು ಇದನ್ನೆಲ್ಲ ಅಳೆದೂ ಸುರಿದೂ ಒಂದು ಫೋನ್ ತಂದರು. ಬೆರಳಚ್ಚು, ಮುಖಚಹರೆ ಎಲ್ಲ ಬೀಗವೂ ಇದೆ. ಪಿನ್ ನಂಬರು ಮರೆಯಬಾರದೆಂದು ಚೀಟಿಯಲ್ಲಿ ಬರೆದು ಕವರಿನ ಹಿಂದೆ ಅಂಟಿಸಿದ್ದಾರೆ, ಕೆಂಪು ಶಾಯಿಯಲ್ಲಿ.