ಐವತ್ತು ಹಲ್ಲಿನ ಎತ್ತು

ನಮ್ಮ ಅಥಣಿ ಕಡೆ ಚೆಲುವನ್ನು ಬಾಯಿ ಬಿಡಿಸಿ ನೋಡುತ್ತಾರೆ. ಖಿಲಾರಿ ಹೋರಿಯ ಕೊಂಬು, ನಡಿಗೆ, ಮೈಬಣ್ಣ ಎಲ್ಲ ಆಮೇಲೆ, ಮೊದಲು ಹಲ್ಲು. ಎರಡಿದ್ದರೆ ಹರೆಯ, ಎಂಟಾದರೆ ಬಾಯಿ ಕೂಡಿತು. ಈ ವಿದ್ಯೆಯಲ್ಲಿ ನಮ್ಮಪ್ಪ ಪಂಡಿತರು. ಚಿಂಚಲಿ ಮಾಯಕ್ಕನ ಜಾತ್ರೆಗೆ ಹೊರಟರೆ ದಾರಿಯಲ್ಲಿ ಎದುರಾದ ಪರರ ಎತ್ತುಗಳಿಗೂ ಬಿಡುವಿಲ್ಲ.

ಪುಣೆಯಲ್ಲಿರುವ ಅಣ್ಣನ ಮಗ ರಜೆಗೆ ಸೈಕಲ್ ಸಮೇತ ಬಂದ. ಹೊಸ ಕ್ರ್ಯಾಂಕ್‌ಸೆಟ್ ಹಾಕಿಸಿದ್ದನಂತೆ, ಅಂದರೆ ಪೆಡಲಿನ ತೋಳುಗಳು ಮತ್ತು ಮುಂದಿನ ಹಲ್ಲಿನ ಚಕ್ರಗಳು. "ಹೆಂಗೈತಿ ನೋಡ್ರಿ ಕಾಕಾ" ಎಂದ. ಬೆಲೆ ಕೇಳಿದ್ದೇ ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ.

ಅಪ್ಪ ಮಾತ್ರ ಬಗ್ಗಿದರು. "ಹಲ್ಲ ಎಷ್ಟೋ ತಮ್ಮಾ?"

"ದೊಡ್ಡದಕ್ಕ ಐವತ್ತ, ಸಣ್ಣದಕ್ಕ ಮೂವತ್ನಾಕ, ಮುತ್ಯಾ."

"ಎಂಟಕ್ಕ ಎತ್ತಿನ ಬಾಯಿ ಕೂಡತೈತಿ. ಇದರ ಬಾಯಿ ಯಾವಾಗ ಕೂಡತೈತೋ ಶಿವನೇ ಬಲ್ಲ!"

ನನಗೆ ನೆನಪಾದದ್ದು ಮನೆಯ ಹಳೇ ಸೈಕಲ್ಲು, ರ‍್ಯಾಲಿ. ಅದರ ಹಲ್ಲಿನ ಚಕ್ರದೊಳಗೆ ಮೂರು ಕೊಕ್ಕರೆಗಳ ತಲೆ ಕೊರೆದಿತ್ತು. ಕೃಷ್ಣಾ ದಂಡೆಯ ಹಕ್ಕಿಗಳನ್ನು ಇಂಗ್ಲೆಂಡಿನವರು ಯಾವಾಗ ನೋಡಿ ಹೋದರೋ ಎಂದು ಬೆರಗಾಗುತ್ತಿದ್ದೆ. ಮುಂದೆ 48 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ ಎರಡೂವರೆ ಸುತ್ತಿಗಿಂತ ತುಸು ಹೆಚ್ಚು. ಅಷ್ಟರಲ್ಲೇ ಮೂರೂ ಕೊಕ್ಕರೆ ಕರಗಿ ಒಂದು ಬೆಳ್ಳಿ ತಟ್ಟೆಯಾಗುತ್ತಿದ್ದವು. ಒಂದು ದಿನ ಅಪ್ಪ ಅದಕ್ಕೆ ಪೂರ್ತಿ ಚೈನ್ ಕವರ್ ಹಾಕಿಸಿದರು. ಕೊಕ್ಕರೆಗಳು ತಗಡಿನೊಳಗೆ ಮುಚ್ಚಿಹೋದವು. ಅವತ್ತು ನಾನು ಉಂಡಿರಲಿಲ್ಲ.

ಈ ಹೊಸದರಲ್ಲಿ ಕೊಕ್ಕರೆ ಇಲ್ಲ, ಹೂವಿಲ್ಲ. ಕಪ್ಪಗೆ, ದಪ್ಪಗೆ, ಚಕ್ರ ಹಿಡಿದ ನಾಲ್ಕು ಕೈ. ಅವೂ ಸಮ ಅಂತರದಲ್ಲಿಲ್ಲ. ಎರಡೆರಡು ಹತ್ತಿರ ಸರಿದು ಗುಟ್ಟು ಮಾತಾಡುತ್ತಿರುವಂತಿವೆ. "ಬಡಿಗ್ಯಾ ಅಳತಿ ತಪ್ಪ್ಯಾನ" ಎಂದೆ.

ಹುಡುಗನಿಗೆ ಸಿಟ್ಟು ಬಂತು. ಜಪಾನಿನ ಶಿಮಾನೋ ಕಂಪನಿ 2012ರಲ್ಲಿ ತನ್ನ ಸೈಕಲ್ ಬಿಡಿಭಾಗಗಳ ಸಾಲಾದ ದುರಾ-ಏಸ್‌ಗೆ ತಂದ ವಿನ್ಯಾಸವಂತೆ. ಪೆಡಲ್ ಮುಂದಕ್ಕೆ ಅಡ್ಡ ಬಂದಾಗ ತುಳಿತದ ಜೋರು ಹೆಚ್ಚು, ನೆತ್ತಿಗೂ ತಳಕ್ಕೂ ಹೋದಾಗ ಕಡಿಮೆ. ಜೋರು ಬೀಳುವಲ್ಲಿ ಕೈ, ಉಳಿದಲ್ಲಿ ಖಾಲಿ. ನನಗೆ ಅರ್ಧ ತಿಳಿಯಿತು.

ಅಪ್ಪ ಕಾಲಿನ ಚಪ್ಪಲಿ ತೆಗೆದು ತಿರುವಿ ಹಿಡಿದರು. ಅಥಣಿಯದೇ ಚಪ್ಪಲಿ, ಭೌಗೋಳಿಕ ಗುರುತು ಸಿಕ್ಕಾಗ ಹೆಸರು ಕೊಲ್ಹಾಪುರದ್ದಾಯಿತು, ಹೊಲಿಗೆ ನಮ್ಮದೂ ಹೌದು. "ಇಲ್ಲಿ ನೋಡ. ಹಿಮ್ಮಡಕ್ಕ ಚರ್ಮ ಪದರ ಪದರ, ಬೆರಳಿಗೆ ತೆಳು. ಸಮ ಐತೇನು? ಭಾರ ಎಲ್ಲಿ, ಚರ್ಮ ಅಲ್ಲಿ. ಜಪಾನದವರೂ ಚಪ್ಪಲಿ ಹೊಲಿಯಾಕ ಬಲ್ಲವರ ಇರಬೇಕ."

ಹುಡುಗ ಗೆದ್ದ. ಅರ್ಧ ಗಳಿಗೆಯ ಹಿಂದೆ ಅಳತೆ ತಪ್ಪಿದಂತೆ ಕಂಡ ಆ ನಾಲ್ಕು ಕೈ ಈಗ ನನಗೂ ಚಂದ ಕಾಣತೊಡಗಿದವು. ಆದರೆ ಅಪ್ಪನ ಕಣ್ಣು ಇನ್ನೂ ಹಲ್ಲಿನ ಮೇಲೇ ಇತ್ತು.

"ಎಲ್ಲಾ ಛಲೋ ಐತಿ. ಕವರ್ ಎಲ್ಲಿ?"

"ಇದಕ್ಕ ಕವರ್ ಇರೂದುಲ್ಲ ಮುತ್ಯಾ."

"ಮತ್ತ ಧೋತರ?"

ಹುಡುಗ ತನ್ನ ಬಿಗಿ ಚಡ್ಡಿ ನೋಡಿಕೊಂಡ. ನನಗೆ ಈಗ ಹೊಳೆಯಿತು, ನನ್ನ ಕೊಕ್ಕರೆಗಳು ಯಾಕೆ ತಗಡಿನೊಳಗೆ ಹೋದವೆಂದು.

"ಐವತ್ತ ಹಲ್ಲಿನ ಎತ್ತ, ಬಾಯಿಗೆ ಕುಕ್ಕಿ ಬ್ಯಾಡೇನು?" ಎಂದು ಅಪ್ಪ ಧೋತರದ ಚುಂಗು ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. "ಹಿಡಿ ಹ್ಯಾಂಡಲ್. ನಡಿಗಿ ನೋಡದ ನಾ ಎತ್ತ ಒಪ್ಪಾಂವಲ್ಲ."