ಕರಿಗಾಡಿ ಘರ್ಷಣದೋಷ ಮೀಮಾಂಸೆ

ಶಾಸ್ತ್ರದ ಆರಂಭದಲ್ಲಿ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಕಪ್ಪು ಬಣ್ಣದ ಗಾಡಿಗೆ ಪಾಲಿಶ್ ಮಾಡಲು ಹೋಗಿ ಆದ ಎಡವಟ್ಟನ್ನು ಮತ್ತೆ ಪಾಲಿಶ್ ಮಾಡಿಯೇ ತಿದ್ದುವುದು. ಅಧಿಕಾರಿ: ಕಪ್ಪು ಗಾಡಿ ಕೊಂಡವರು ಮತ್ತು ಅವರ ಅಣ್ಣನ ಮಗ. ಸಂಬಂಧ: ಕಾಕಾ. ಪ್ರಯೋಜನ: ಹುಡುಕಾಟ ನಡೆದಿದೆ.

ಅಧ್ಯಯನದ ಕ್ಷೇತ್ರ ದೇವಣಗಾಂವ. ಈಚೆ ನಾವು, ನಡುವೆ ಭೀಮಾ ನದಿ, ಆಚೆ ಅಫಜಲಪುರ ತಾಲ್ಲೂಕು. ಈ ಶಾಸ್ತ್ರ ಹುಟ್ಟಲು ಇದಕ್ಕಿಂತ ಪ್ರಶಸ್ತವಾದ ನೆಲ ಸಿಗಲಾರದು. ಬೇಸಿಗೆಯಲ್ಲಿ ಎರಿ ಮಣ್ಣು ಜೋಳದ ಹಿಟ್ಟಿನಂತೆ ಹಾರುತ್ತದೆ. ಕಬ್ಬಿನ ಸುಗ್ಗಿಯಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು ಹೋಗಿ ಉಳಿದ ದೂಳನ್ನೂ ಎಬ್ಬಿಸುತ್ತವೆ. ತೊಳೆಯೋಣವೆಂದರೆ ಬೋರಿನ ಸವಳು ನೀರು, ಒಣಗಿದ ಕಡೆಯೆಲ್ಲ ಬಿಳಿ ಚುಕ್ಕೆ. ಇಂಥಲ್ಲಿ ಬಿಳಿ ಗಾಡಿ ಕೊಂಡವನು ಗೃಹಸ್ಥ, ಕಪ್ಪು ಗಾಡಿ ಕೊಂಡವನು ತಪಸ್ವಿ. 1914ರಿಂದ 1925ರವರೆಗೆ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಕಪ್ಪು ಬಣ್ಣವೊಂದರಲ್ಲೇ ಬರುತ್ತಿತ್ತು, ಆಗ ಕೊಂಡವರಿಗೆ ಬೇರೆ ದಾರಿ ಇರಲಿಲ್ಲ. ಕಾಕಾ ಅವರಿಗೆ ಇತ್ತು.

"ಕಾಕಾ, ಬಿಳೀದು ತಗೋರಿ, ದೂಳ ಕಾಣಂಗಿಲ್ಲ" ಎಂದು ಶೋರೂಮಿನಲ್ಲಿ ಹೇಳಿದ್ದೆ.

"ತಮ್ಮಾ, ಬಿಳಿ ಗಾಡಿ ಎಲ್ಲಾರ ಮನ್ಯಾಗೂ ಅದ. ಕರೀದರ ಗತ್ತ ಬ್ಯಾರೆ."

ಕರಿ ಬಣ್ಣದ ಗತ್ತಿಗೆ ನಮ್ಮ ಜಿಲ್ಲೆಯಲ್ಲಿ ಪೂರ್ವನಿದರ್ಶನ ಇಲ್ಲದಿಲ್ಲ. ವಿಜಯಪುರದ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನೇ ನೋಡಿ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಮೈ ಮಾತ್ರ ಕೈಯಿಟ್ಟರೆ ಜಾರುವಷ್ಟು ನುಣುಪು. ಯುದ್ಧದಲ್ಲಿ ಗೆದ್ದು ತಂದ ಇದನ್ನು 400 ಎತ್ತು, 10 ಆನೆ ಎಳೆದವೆಂದು ಹೇಳುತ್ತಾರೆ. ಉತ್ತರದಿಂದ ವಿಜಯಪುರಕ್ಕೆ ಬಂದಿದ್ದರಿಂದ ಎಲ್ಲೋ ಒಂದು ಕಡೆ ಭೀಮೆಯನ್ನು ದಾಟಿರಲೇಬೇಕು. ದೇವಣಗಾಂವದಲ್ಲೇ ದಾಟಿತು ಎಂದು ಬರೆಯಲು ಈ ಸಂಶೋಧಕನ ಕೈ ತುರಿಸುತ್ತಿದೆ, ಆಧಾರವೊಂದು ಸಿಕ್ಕರೆ ಬರೆದೇ ಬಿಡುತ್ತಿದ್ದೆ. 1854ರಲ್ಲಿ ಬ್ರಿಟಿಷರು ಹರಾಜಿಗಿಟ್ಟಾಗ 150 ರೂಪಾಯಿಗಿಂತ ಮೇಲೆ ಯಾರೂ ಕೂಗಲಿಲ್ಲವಂತೆ. ಎಷ್ಟು ಹೊಳೆದರೂ ಹಳೆ ಗಾಡಿಗೆ ರೇಟು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹಳೆಯ ದಾಖಲೆ ನನ್ನ ಬಳಿ ಇಲ್ಲ.

ಇನ್ನು ದೋಷವಿಚಾರ. ಖರೀದಿಯಾದ ಒಂದು ವರ್ಷಕ್ಕೆ ಗಾಡಿಯ ಮೈ ಒಂದು ಶಾಸನವಾಗಿತ್ತು. ನಾನು ಅದನ್ನು ಮೂರು ಕಾಲಘಟ್ಟಗಳಾಗಿ ವಿಂಗಡಿಸಿದ್ದೇನೆ. ಮೊದಲನೆಯದು ಧೋತರಯುಗ: ಹಳೆ ಧೋತರದ ತುಂಡಿನಿಂದ ಒಣ ದೂಳನ್ನು ಒರೆಸಿದ ಕಾಲ. ದೂಳೆಂದರೆ ಕಣ್ಣಿಗೆ ಕಾಣದ ಮರಳು, ಒರೆಸಿದವರು ಗಾಡಿಗೆ ಉಸುಕಿನ ಕಾಗದ ತಿಕ್ಕಿದಂತೆಯೇ. ಎರಡನೆಯದು ನದೀಯುಗ: ಗಾಡಿಯನ್ನು ಭೀಮೆಗಿಳಿಸಿ, ಎಮ್ಮೆ ಮೈ ತೊಳೆಯುವ ಅದೇ ಕತ್ತದಿಂದ ತಿಕ್ಕಿದ ಕಾಲ. ಈ ಯುಗದ ಲಿಪಿ ಆಳವಾಗಿದ್ದು, ಬೆರಳುಗುರಿನಿಂದಲೂ ಓದಬಹುದು. ಮೂರನೆಯದು ಯಂತ್ರಯುಗ, ಅದಕ್ಕೆ ಆಮೇಲೆ ಬರುತ್ತೇನೆ.

ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ಮೇಲೆ ಸೂರ್ಯನ ಸುತ್ತ ಜೇಡರ ಬಲೆಯಂತೆ ಉಂಗುರಗಳು ಕಾಣುತ್ತಿದ್ದವು. ಇವುಗಳ ಮೂಲದ ಬಗ್ಗೆ ನಮ್ಮ ಕಟ್ಟೆಯಲ್ಲಿ ಎರಡು ಪಂಥಗಳಿವೆ. ವರ್ತುಲವಾದಿಗಳು: "ಗುಂಡಗ ಒರಸೀರಿ, ಅದಕ್ಕ ಗುಂಡಗ ಗೀರ ಬಿದ್ದಾವ." ಸರಳರೇಖಾವಾದಿಗಳು: "ಉದ್ದಕ ಒರಸ್ರಿ, ಎಲ್ಲಾ ಹೊಕ್ಕಾವ." ಎರಡೂ ಪೂರ್ವಪಕ್ಷ. ಸಿದ್ಧಾಂತ ಏನೆಂದರೆ, ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ, ಬೆಳಕಿಗೆ ಅಡ್ಡ ಬಿದ್ದವು ಮಾತ್ರ ಹೊಳೆಯುತ್ತವೆ. ಹೀಗೆ ಅಡ್ಡ ಬಿದ್ದವೆಲ್ಲ ಕೂಡಿ ಬೆಳಕಿನ ಸುತ್ತ ಉಂಗುರ ಕಟ್ಟುತ್ತವೆ. ನಂಬದವರು ಎರಡು ಹೆಜ್ಜೆ ಸರಿದು ನೋಡಲಿ, ಉಂಗುರವೂ ಜೊತೆಗೇ ಸರಿಯುತ್ತದೆ. ಮಳೆ ನಿಂತ ರಾತ್ರಿ ಬೀದಿದೀಪದ ಮುಂದಿನ ಜಾಲಿಗಿಡವನ್ನು ನೋಡಿದರೆ ಅದರ ಟೊಂಗೆಗಳೂ ದೀಪದ ಸುತ್ತ ಸುತ್ತಿಕೊಂಡಂತೆ ಕಾಣುತ್ತವೆ, ಜಾಲಿಗಿಡಕ್ಕೆ ಯಾರೂ ಪಾಲಿಶ್ ಮಾಡಿರುವುದಿಲ್ಲ.

ಹಾಗಾದರೆ ಬಿಳಿ ಗಾಡಿಗೆ ಗೀರಿಲ್ಲವೇ? ಅಷ್ಟೇ ಇವೆ. ಬಿಳಿ ಬಣ್ಣ ತಾನೇ ಎಲ್ಲ ಕಡೆ ಬೆಳಕು ಚೆಲ್ಲುವುದರಿಂದ ಗೀರಿನ ಬೆಳಕು ಜಾತ್ರೆಯಲ್ಲಿ ಕಳೆದ ಕೂಸು. ಕಪ್ಪು ಬಣ್ಣ ಬೆಳಕನ್ನು ನುಂಗುತ್ತದೆ, ಅಲ್ಲಿ ಗೀರೆಂದರೆ ಅಮಾವಾಸ್ಯೆಯ ಹೊಲದಲ್ಲಿ ಹಚ್ಚಿದ ಬೀಡಿ.

ಖಂಡೆ ಪೂಜೆಯ ಹಿಂದಿನ ದಿನ ಯಂತ್ರಯುಗ ಆರಂಭವಾಯಿತು. ಕಾಕಾ ಬಾಡಿಗೆಗೆ ಒಂದು ಬಫಿಂಗ್ ಮಷೀನು, ಉಣ್ಣೆಯ ಪ್ಯಾಡು, ಒಂದು ಡಬ್ಬಿ ರಬ್ಬಿಂಗ್ ಕಂಪೌಂಡ್ ತಂದರು. ನಟ್ಟನಡು ಮಧ್ಯಾಹ್ನ, ಬಾನೆಟ್ ರೊಟ್ಟಿ ಹಂಚಿನಂತೆ ಕಾದಿತ್ತು. ಕಂಪೌಂಡ್ ಹಚ್ಚಿದ್ದೇ ತಡ ಅಲ್ಲೇ ಒಣಗಿ ಸುಣ್ಣವಾಯಿತು. ಒಣಗಿತೆಂದು ಇನ್ನಷ್ಟು ಹಚ್ಚಿದರು, ಹೊಳೆಯಲಿಲ್ಲವೆಂದು ಇನ್ನಷ್ಟು ಒತ್ತಿದರು. ಸಂಜೆ ನೆರಳಿನಲ್ಲಿ ಗಾಡಿ ಥಳಥಳ ಎಂದಿತು. ಮರುದಿನ ಮುಂಜಾನೆ ಬಿಸಿಲಿಗೆ ತಂದು ನಿಲ್ಲಿಸಿದಾಗ ಬಾಗಿಲಿನ ತುಂಬ ಮಷೀನು ಹೋದ ದಾರಿಯೆಲ್ಲ ಅಲೆಅಲೆಯಾಗಿ ಮೂಡಿತ್ತು. ನಡೆದರೆ ಅಲೆಯೂ ನಡೆಯುತ್ತದೆ, ಇಳಕಲ್ ಸೀರೆಯ ಸೆರಗು ಗಾಳಿಗೆ ಹೊರಳಿದಂತೆ. ಪರಿಣತರು ಇದನ್ನು ಹೊಲೋಗ್ರಾಮ್ ಎನ್ನುತ್ತಾರೆ.

ಕಾಕು ಹೊರಗೆ ಬಂದು ನೋಡಿ, "ನನ್ನ ಹಂಚ ಇದಕ್ಕಿಂತ ಕರ್ರಗದ. ಅದಕ್ಕ ಯಾವತ್ತರೆ ಪಾಲಿಶ್ ಮಾಡೀನೇನ್ರಿ?" ಎಂದು ಒಳಗೆ ಹೋದರು. ಈ ಶಾಸ್ತ್ರದಲ್ಲಿ ನಿರಾಕರಿಸಲು ಸಾಧ್ಯವಾಗದ ಏಕೈಕ ವಾದ ಅದು. ಆದ್ದರಿಂದ ಅದನ್ನು ಇಲ್ಲಿ ಚರ್ಚಿಸಿಲ್ಲ.

ಚಿಕಿತ್ಸಾಖಂಡಕ್ಕೆ ಮೊದಲು ಮನೆಮದ್ದುಗಳ ಖಂಡನೆ. ಒಬ್ಬರು ಟೂತ್‌ಪೇಸ್ಟ್ ತಿಕ್ಕಲು ಹೇಳಿದರು. ಅದರಲ್ಲೂ ನುಣ್ಣನೆಯ ಪುಡಿ ಇರುವುದರಿಂದ ತುಸು ಹೊಳಪು ಬರುವುದು ನಿಜ, ಆದರೆ ಹಲ್ಲಿನ ಅಳತೆಗೆ ಮಾಡಿದ ವಸ್ತುವಿನಿಂದ ಬಾನೆಟ್ ತಿಕ್ಕಲು ಹೊರಟರೆ ದಸರೆ ಮುಗಿದು ದೀಪಾವಳಿ ಬರುತ್ತದೆ. ಇನ್ನೊಬ್ಬರದು ಡೀಸೆಲ್. ಒರೆಸಿದ ಕೂಡಲೇ ಮಿಂಚುತ್ತದೆ, ಆಮೇಲೆ ಊರಿನ ದೂಳೆಲ್ಲ ಬಂದು ಅಂಟಿಕೊಳ್ಳುತ್ತದೆ. ಮೂರನೆಯದು ಲಿಂಬೆರಸ. ಇಂಡಿಯ ಲಿಂಬೆ ಭೌಗೋಳಿಕ ಗುರುತು ಪಡೆದ ಹಣ್ಣು, ಅದರ ಬಗ್ಗೆ ಹಗುರಾಗಿ ಮಾತಾಡುವ ಧೈರ್ಯ ನನಗಿಲ್ಲ. ಸವಳು ನೀರಿನ ಬಿಳಿ ಚುಕ್ಕೆ ಸುಣ್ಣದ ಜಾತಿಯದಾದ್ದರಿಂದ ಹುಳಿಗೆ ಕರಗುತ್ತದೆ ಎಂಬುದೂ ಸರಿ. ಆದರೆ ಕಾದ ತಗಡಿನ ಮೇಲೆ ರಸ ಒಣಗಿದರೆ ಹುಳಿಯು ಚುಕ್ಕೆ ತಿಂದು ಮುಗಿಸಿ ಬಣ್ಣಕ್ಕೆ ಬಾಯಿ ಹಾಕುತ್ತದೆ. ಲಿಂಬೆಯನ್ನು ಮೆಣಸಿನಕಾಯಿಯ ಜೊತೆ ದಾರಕ್ಕೆ ಪೋಣಿಸಿ ಬಂಪರಿಗೆ ಕಟ್ಟುವುದೇ ಕ್ಷೇಮ.

ಕೊನೆಗೆ ಆಪ್ತವಾಕ್ಯಕ್ಕಾಗಿ ಸಿಂದಗಿಯ ಒಬ್ಬ ಪೇಂಟಿಂಗ್ ಮೇಸ್ತ್ರಿಯ ಹತ್ತಿರ ಹೋದೆವು. ಅವರು ಬಾಗಿಲ ಮೇಲೆ ಮೊಬೈಲ್ ಬ್ಯಾಟರಿ ಬಿಟ್ಟು ನೋಡಿ, ಸುಮ್ಮನೆ ಒಂದು ಪ್ರಶ್ನೆ ಕೇಳಿದರು.

"ಸಾಹುಕಾರ್ರ, ಗೀರ ತಗೀಬೇಕಂದ್ರ ಏನ್ ತಗೀತೀವಿ ಗೊತ್ತೇನ್ರಿ?"

ಕಾಕಾ: "ಗೀರ."

"ಗೀರ ಅಲ್ರಿ. ಅದರ ಸುತ್ತಲಿಂದ."

ಇಲ್ಲಿ ಶಾಸ್ತ್ರದ ಗರ್ಭವಿದೆ. ಗೀರು ಎಂಬುದು ವಸ್ತುವಲ್ಲ, ಅಭಾವ. ಅಭಾವವನ್ನು ತೆಗೆಯುವುದು ಹೇಗೆ? ತಾರ್ಕಿಕರು ತಲೆ ಕೆರೆದುಕೊಳ್ಳುವ ಈ ಪ್ರಶ್ನೆಗೆ ಗ್ಯಾರೇಜಿನಲ್ಲಿ ಉತ್ತರವಿದೆ: ಸುತ್ತಲಿನದನ್ನೆಲ್ಲ ಗೀರಿನ ತಳದವರೆಗೆ ಇಳಿಸುವುದು. ಹೊಲದಲ್ಲೊಂದು ತಗ್ಗು ಬಿತ್ತೆಂದು ಇಡೀ ಹೊಲವನ್ನು ತಗ್ಗಿನ ಮಟ್ಟಕ್ಕೆ ಕೆತ್ತಿದ ಹಾಗೆ. ಹೊಲವಾದರೂ ಆಳವಿದೆ. ಗಾಡಿಯಲ್ಲಿ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ಗಾಜಿನಂಥ ಕ್ಲಿಯರ್ ಕೋಟ್, ಇವೆಲ್ಲ ಕೂಡಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಕ್ಲಿಯರ್ ಕೋಟಿನ ಪಾಲು ಅದರಲ್ಲಿ 40–50. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. ಊರಲ್ಲಿ ಕಾಕಾ ಅವರ ಗತ್ತು ನಿಂತಿದ್ದು ಕೂದಲಿಗಿಂತ ತೆಳ್ಳಗಿನ ಹೊದಿಕೆಯ ಮೇಲೆ. ಕಾರಹುಣ್ಣಿಮೆಗೆ ಎತ್ತಿನ ಕೋಡು ಹೆರೆದು ಬಣ್ಣ ಹಚ್ಚುತ್ತೇವೆ, ಕೋಡು ಮತ್ತೆ ಬೆಳೆಯುತ್ತದೆ. ಕ್ಲಿಯರ್ ಕೋಟ್ ಬೆಳೆದ ಉದಾಹರಣೆ ಇಲ್ಲ.

ಮೇಸ್ತ್ರಿ ಹೇಳಿದ ಕ್ರಮ ಇಷ್ಟೇ. ನೆರಳಿಗೆ ತಂದು ತಣ್ಣಗಾಗಲು ಬಿಡಬೇಕು. ಮೊದಲು ಬರೀ ನೀರು ಹೊಡೆದು ಮಣ್ಣು ಇಳಿಸಿ, ಆಮೇಲೆ ಶಾಂಪೂ ನೀರಿಗೆ ಒಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು. ಉಣ್ಣೆಯ ಪ್ಯಾಡು ಕಿತ್ತು ಮೆತ್ತನೆಯ ಸ್ಪಂಜಿನ ಪ್ಯಾಡು ಹಾಕಬೇಕು, ದಪ್ಪ ಕಂಪೌಂಡ್ ಬಿಟ್ಟು ಫಿನಿಶಿಂಗ್ ಪಾಲಿಶ್ ಹಿಡಿಯಬೇಕು. ಅಂಚು, ಮಡಿಕೆ, ಕಪ್ಪು ಪ್ಲಾಸ್ಟಿಕ್ಕಿಗೆಲ್ಲ ಟೇಪು, ಇಲ್ಲದಿದ್ದರೆ ಪ್ಲಾಸ್ಟಿಕ್ಕಿನ ಸಂದಿಯಲ್ಲಿ ಪಾಲಿಶ್ ಹೊಕ್ಕು ವಿಭೂತಿ ಬಳಿದಂತಾಗುತ್ತದೆ. ಎರಡು ಅಡಿ ಉದ್ದಗಲದ ಜಾಗದಲ್ಲಿ ಮೊದಲು ಮಾಡಿ ನೋಡಬೇಕು. "ಜೋರ್ ಹಾಕಬ್ಯಾಡ್ರಿ, ಮಷೀನಿನ ಭಾರನ ಸಾಕು." ಕೊನೆಯದು ಮುಖ್ಯ: ಪಾಲಿಶಿನಲ್ಲಿರುವ ಎಣ್ಣೆ ಗೀರಿನೊಳಗೆ ಕೂತು ಗೀರೇ ಇಲ್ಲವೆಂದು ಸುಳ್ಳು ಹೇಳುತ್ತದೆ, ಎರಡು ಸಲ ತೊಳೆದರೆ ಬಯಲಾಗುತ್ತದೆ. ಆದ್ದರಿಂದ ಐಸೋಪ್ರೊಪೈಲ್ ಆಲ್ಕೊಹಾಲಿಗೆ ನೀರು ಬೆರೆಸಿ ಒರೆಸಿ, ಬ್ಯಾಟರಿ ಹಿಡಿದು ನೋಡಿ, ಆಮೇಲೆ ಮೇಣ ಹಚ್ಚಬೇಕು.

ಹಾಗೆಯೇ ಮಾಡಿದೆವು. ಎರಡು ದಿನಕ್ಕೆ ಬಾಗಿಲಿನ ಅಲೆ ಹೋಯಿತು, ಬಾನೆಟ್ಟಿನ ಉಂಗುರ ಮುಕ್ಕಾಲು ಪಾಲು ಇಳಿಯಿತು. ನದೀಯುಗದ ಲಿಪಿ ಉಳಿಯಿತು. ಅದನ್ನು ತೆಗೆದರೆ ಪದರವೇ ಹೋಗುತ್ತದೆಂದು ಮೇಸ್ತ್ರಿ ಹೇಳಿದ್ದರು. ಇಲ್ಲಿಗೆ ಪ್ರಬಂಧ ಮುಗಿಯಬೇಕಿತ್ತು. ಆದರೆ ನಾನು ಚಹಾ ಕುಡಿಯಲು ಒಳಗೆ ಹೋದಾಗ ಕಾಕಾ ಬಾನೆಟ್ಟಿನ ಎಡ ಮೂಲೆಯಲ್ಲಿ ಉಳಿದ ಒಂದೇ ಒಂದು ಗೀರನ್ನು ಕಂಡರು. ಟೇಪು ಕಿತ್ತಾಗಿತ್ತು. ಅಂಚಿನ ಮೇಲೆ ಬಣ್ಣದ ಪದರ ಮೊದಲೇ ತೆಳ್ಳಗಿರುತ್ತದೆ, ಮಷೀನಿನ ಒತ್ತಡವೆಲ್ಲ ಅಲ್ಲೇ ಬೀಳುತ್ತದೆ. ನಾನು ಬಸಿ ಹಿಡಿದು ಹೊರಗೆ ಬರುವಷ್ಟರಲ್ಲಿ ಕಪ್ಪಿನ ನಡುವೆ ಎಂಟಾಣೆಯಷ್ಟಗಲ ಬೂದು ಬಣ್ಣದ ಪ್ರೈಮರ್ ದರ್ಶನ ಕೊಟ್ಟಿತ್ತು.

ಇದಕ್ಕೆ ಘರ್ಷಣಶಾಸ್ತ್ರದಲ್ಲಿ ಪರಿಹಾರವಿಲ್ಲ, ಪೇಂಟ್ ಹೊಡೆಸಬೇಕು. ಫೋನಿನಲ್ಲಿ ರೇಟು ಕೇಳಿದ ಮೇಲೆ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಆ ಜಾಗದಲ್ಲಿ ಅಂಗೈಯಗಲದ ನಂದಿಯ ಸ್ಟಿಕರ್ ಇತ್ತು. ಬಲ ಮೂಲೆಗೆ ಏನೂ ಆಗಿರಲಿಲ್ಲ, ಮೇಣ ಹಚ್ಚಿದ ಮೇಲೆ ಇಡೀ ಗಾಡಿಯಲ್ಲಿ ಚಂದ ಹೊಳೆಯುತ್ತಿದ್ದ ಜಾಗವೇ ಅದು. ಅಲ್ಲೂ ಒಂದು ನಂದಿ.

"ಅಲ್ಲಿ ಯಾಕ್ರಿ ಕಾಕಾ?"

"ಒಂಟಿ ಎತ್ತ ಹೂಡಿ ಗಾಡಿ ಹೊಡದವರನ್ನ ಎಲ್ಯರೆ ನೋಡೀಯೇನೋ ತಮ್ಮಾ?"